ದೊಡ್ಡ ಕರುಳಿನ ಸಿಟಿ ತಪಾಸಣೆ: ಅಡುಗೆಮನೆಯಿಂದ ವರದಿಯವರೆಗೆ

ಮಂಗಳೂರಿನಲ್ಲಿ ಸಿಟಿ ಸ್ಕ್ಯಾನ್ ಕೋಣೆಯಲ್ಲಿ ಕೆಲಸ ಮಾಡುವ ನನಗೆ ಆಗಾಗ ಎದುರಾಗುವ ಪ್ರಶ್ನೆ ಇದು: "ಕೊಲೊನೊಸ್ಕೋಪಿ ಬೇಡ ಮಾರಾಯ್ರೆ, ಸ್ಕ್ಯಾನ್‌ನಲ್ಲೇ ಕರುಳು ನೋಡಲಿಕ್ಕೆ ಆಗುವುದಿಲ್ವಾ?"

ಆಗುತ್ತದೆ. ಕೊಲೊನೊಸ್ಕೋಪಿ ಅಂದರೆ ಗುದದ್ವಾರದಿಂದ ಕ್ಯಾಮರಾ ಇರುವ ನಳಿಕೆ ಹಾಕಿ ದೊಡ್ಡ ಕರುಳನ್ನು ನೋಡುವುದು. ಸ್ಕ್ಯಾನ್‌ನಲ್ಲೇ ನೋಡುವುದರ ಹೆಸರು ಸಿಟಿ ಕೊಲೊನೋಗ್ರಫಿ. ಕೆಲವರು ವರ್ಚುವಲ್ ಕೊಲೊನೊಸ್ಕೋಪಿ ಎಂದೂ ಕರೆಯುತ್ತಾರೆ. ಯಂತ್ರವೂ ಅದರ ಸಾಫ್ಟ್‌ವೇರೂ ಈಗ ಬಹಳ ಸುಧಾರಿಸಿವೆ. ಆದರೆ ಪರೀಕ್ಷೆ ಚೆನ್ನಾಗಿ ಆಗುವುದು ಅರ್ಧ ನಿಮ್ಮ ಮನೆಯ ಅಡುಗೆಮನೆಯಲ್ಲೇ. ಎಷ್ಟು ಒಳ್ಳೆಯ ಯಂತ್ರವಿದ್ದರೂ, ಸರಿಯಾಗಿ ತಯಾರಾಗದ ಹೊಟ್ಟೆಯೊಳಗೆ ಅದು ಕುರುಡು. ಅದಕ್ಕೇ ಈ ಲೇಖನದಲ್ಲಿ ತಯಾರಿಯ ಮಾತು ಜಾಸ್ತಿ.

ಆರಾಮಾಗಿ ಓಡಾಡುವವರಿಗೆ ಈ ಪರೀಕ್ಷೆ ಯಾಕೆ ಬೇಕು? ದೊಡ್ಡ ಕರುಳಿನ ಕ್ಯಾನ್ಸರ್ ಹೆಚ್ಚಾಗಿ ಪಾಲಿಪ್‌ನಿಂದ ಶುರುವಾಗುತ್ತದೆ. ಪಾಲಿಪ್ ಅಂದರೆ ಕರುಳಿನ ಒಳಗೋಡೆಯ ಮೇಲೆ ಏಳುವ ಸಣ್ಣ ಮಾಂಸದ ಗುಳ್ಳೆ. ಎಲ್ಲಾ ಪಾಲಿಪ್ ಕ್ಯಾನ್ಸರ್ ಆಗುವುದಿಲ್ಲ. ಆಗುವಂಥವಕ್ಕೂ ಸಾಮಾನ್ಯವಾಗಿ ಹತ್ತು ವರ್ಷದಷ್ಟು ಸಮಯ ಬೇಕು. ಆ ಹತ್ತು ವರ್ಷದಲ್ಲಿ ನೋವಿಲ್ಲ, ಹೆಚ್ಚಿನವರಿಗೆ ಯಾವ ಲಕ್ಷಣವೂ ಇಲ್ಲ. ಅಷ್ಟರೊಳಗೆ ಸಿಕ್ಕಿದರೆ ಕೊಲೊನೊಸ್ಕೋಪಿಯಲ್ಲೇ ಅದನ್ನು ಕತ್ತರಿಸಿ ತೆಗೆಯಬಹುದು, ಕ್ಯಾನ್ಸರ್ ಬರುವುದೇ ತಪ್ಪುತ್ತದೆ. ಇಷ್ಟು ಸಮಯ ಕೊಡುವ ಕ್ಯಾನ್ಸರ್‌ಗಳು ಕಡಿಮೆ. ನಮ್ಮ ದೇಶದಲ್ಲಿ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್‌ಗೆ ಸರ್ಕಾರಿ ತಪಾಸಣಾ ಕಾರ್ಯಕ್ರಮವಿದೆ. ದೊಡ್ಡ ಕರುಳಿಗೆ ಹಾಗೆ ಇಲ್ಲ. ಹಾಗಾಗಿ ನೀವೇ ಬಾಯಿಬಿಟ್ಟು ಕೇಳಬೇಕು.

ಹೆಜ್ಜೆ 1: ಯಾವ ಪರೀಕ್ಷೆ ನಿಮಗೆ, ಮೊದಲು ಅದನ್ನು ತೀರ್ಮಾನಿಸಿ

ಮಲದಲ್ಲಿ ರಕ್ತ ಬರುತ್ತಿದೆಯಾ? ಕೆಲವು ವಾರಗಳಿಂದ ಮಲವಿಸರ್ಜನೆಯ ಕ್ರಮ ಬದಲಾಗಿದೆಯಾ? ಕಾರಣವಿಲ್ಲದೆ ತೂಕ ಇಳಿದಿದೆಯಾ? ರಕ್ತಹೀನತೆ ಇದೆ, ಕಬ್ಬಿಣದ ಅಂಶ ಕಡಿಮೆ ಎಂದು ವರದಿ ಬಂದಿದೆಯಾ? ಇವುಗಳಲ್ಲಿ ಒಂದಿದ್ದರೂ ನಿಮಗೆ ಬೇಕಾದದ್ದು ಸುಮ್ನೆ ಒಂದು ತಪಾಸಣೆ ಅಲ್ಲ. ನೇರವಾಗಿ ಹೊಟ್ಟೆಯ ಡಾಕ್ಟರ ಹತ್ತಿರ, ಅಂದರೆ ಗ್ಯಾಸ್ಟ್ರೋಎಂಟರಾಲಜಿಸ್ಟ್ ಹತ್ತಿರ ಹೋಗಿ. ಹೆಚ್ಚಿನವರಿಗೆ ಅವರು ಕೊಲೊನೊಸ್ಕೋಪಿಯನ್ನೇ ಹೇಳುತ್ತಾರೆ. ನಮ್ಮ ಕಡೆ ರಕ್ತ ಕಂಡ ಕೂಡಲೇ "ಮೂಲವ್ಯಾಧಿ ಇರಬೇಕು, ಉಷ್ಣ ಆಗಿದೆ" ಎಂದು ಮದ್ದು ಮಾಡಿಕೊಂಡು ತಿಂಗಳುಗಟ್ಟಲೆ ಕೂರುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೂಲವ್ಯಾಧಿ ಇದ್ದವರಿಗೂ ಮೇಲೆ ಇನ್ನೊಂದು ಕಾಯಿಲೆ ಇರಬಹುದು.

ಯಾವ ಲಕ್ಷಣವೂ ಇಲ್ಲದವರಿಗೆ ಮುಖ್ಯವಾಗಿ ಮೂರು ದಾರಿಗಳಿವೆ. ಒಂದು, ಮಲದಲ್ಲಿ ಕಣ್ಣಿಗೆ ಕಾಣದ ರಕ್ತವನ್ನು ಹುಡುಕುವ ಫಿಟ್ ಪರೀಕ್ಷೆ. ಇದನ್ನು ವರ್ಷಕ್ಕೊಮ್ಮೆ ಮಾಡಿಸಬೇಕು. ಎರಡು, ಕೊಲೊನೊಸ್ಕೋಪಿ. ಎಲ್ಲಾ ಸರಿಯಿದ್ದರೆ ಮತ್ತೆ ಹತ್ತು ವರ್ಷ ಬೇಡ. ಮೂರು, ಸಿಟಿ ಕೊಲೊನೋಗ್ರಫಿ, ಐದು ವರ್ಷಕ್ಕೊಮ್ಮೆ. ಈ ಅಂತರಗಳು ಅಮೆರಿಕದ ಮಾರ್ಗಸೂಚಿಯಲ್ಲಿರುವಂಥವು. ಅಲ್ಲಿ ತಪಾಸಣೆ ಶುರು ಮಾಡುವ ವಯಸ್ಸನ್ನು ಅಮೆರಿಕನ್ ಕ್ಯಾನ್ಸರ್ ಸೊಸೈಟಿ 2018ರಲ್ಲಿ 50ರಿಂದ 45ಕ್ಕೆ ಇಳಿಸಿತು. ಅಲ್ಲಿನ ಸರ್ಕಾರಿ ತಜ್ಞರ ಸಮಿತಿ 2021ರಲ್ಲಿ ಅದೇ ಹಾದಿ ಹಿಡಿಯಿತು. ನಮ್ಮಲ್ಲಿ ಈ ಕಾಯಿಲೆ ಪಾಶ್ಚಾತ್ಯ ದೇಶಗಳಷ್ಟು ಇಲ್ಲ. ಆದ್ದರಿಂದ ನಿಮ್ಮ ವಯಸ್ಸು ಮತ್ತು ಮನೆತನದ ಇತಿಹಾಸ ನೋಡಿ ಡಾಕ್ಟರೇ ಹೇಳಲಿ.

ನನ್ನ ಅಭಿಪ್ರಾಯ ಕೇಳಿದರೆ, ಕೊಲೊನೊಸ್ಕೋಪಿಗೆ ಮನಸ್ಸು ಒಪ್ಪುವವರು, ದೇಹ ತಡೆದುಕೊಳ್ಳುವವರು ಅದನ್ನೇ ಮಾಡಿಸಲಿ. ಕಂಡದ್ದನ್ನು ಅಲ್ಲೇ ತೆಗೆಯಬಹುದು, ಅದೇ ಅದರ ದೊಡ್ಡ ಲಾಭ. ಸಿಟಿ ಬರೀ ತೋರಿಸುತ್ತದೆ, ತೆಗೆಯುವುದಿಲ್ಲ. ಆದರೆ ಮಂಪರು ಮದ್ದು ಕೊಡಲು ಆಗದ ಹೃದಯ, ಶ್ವಾಸಕೋಶದ ರೋಗಿಗಳಿದ್ದಾರೆ. ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಲು ಆಗದವರಿದ್ದಾರೆ. ಕರುಳು ತಿರುಚಿಕೊಂಡು ಕೊಲೊನೊಸ್ಕೋಪಿ ಅರ್ಧಕ್ಕೇ ನಿಂತವರಿದ್ದಾರೆ. ಏನು ಹೇಳಿದರೂ ಒಪ್ಪದವರೂ ಇದ್ದಾರೆ. ಇವರಿಗೆಲ್ಲ ಸಿಟಿ ನಿಜವಾಗಿ ಒಳ್ಳೆಯ ದಾರಿ. ಏನೂ ಮಾಡಿಸದೆ ಇರುವುದಕ್ಕಿಂತ ಯಾವುದಾದರೊಂದು ಮಾಡಿಸುವುದು ಎಷ್ಟೋ ಮೇಲು.

ಸಿಟಿ ಆಗದವರೂ ಇದ್ದಾರೆ. ಗರ್ಭಿಣಿಯರು, ಕರುಳಿನಲ್ಲಿ ಈಗ ಉರಿಯೂತವೋ ಸೋಂಕೋ ಇರುವವರು, ಕರುಳು ಕಟ್ಟಿಕೊಂಡಿರುವವರು, ಇತ್ತೀಚೆಗೆ ಕರುಳಿನ ಆಪರೇಷನ್ ಆದವರು ಇದಕ್ಕೆ ಬರಬಾರದು. ಹರ್ನಿಯಾದೊಳಗೆ ಕರುಳು ಇಳಿದಿದ್ದರೆ ಮೊದಲೇ ಹೇಳಬೇಕು. ಲಿಂಚ್ ಸಿಂಡ್ರೋಮ್‌ನಂಥ ವಂಶವಾಹಿ ಕಾಯಿಲೆ ಇರುವ ಮನೆತನದವರಿಗೆ, ವರ್ಷಗಳಿಂದ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನಲ್ಲಿ ಹುಣ್ಣಾಗುವ ಉರಿಯೂತ) ಇರುವವರಿಗೆ ಕೊಲೊನೊಸ್ಕೋಪಿಯೇ ಬೇಕು. ಫಿಟ್ ಪರೀಕ್ಷೆ ಪಾಸಿಟಿವ್ ಬಂದಿದ್ದರೂ ಹಾಗೆಯೇ.

ಹೆಜ್ಜೆ 2: ಫೋನ್ ಮಾಡಿ, ಐದಾರು ಪ್ರಶ್ನೆ ಕೇಳಿ

ಮಂಗಳೂರು, ಮಣಿಪಾಲ, ಉಡುಪಿಯಲ್ಲಿ ಸಿಟಿ ಯಂತ್ರಗಳಿಗೆ ಬರವಿಲ್ಲ. ಮೆಡಿಕಲ್ ಕಾಲೇಜುಗಳೇ ಅಷ್ಟಿವೆ. ಆದರೆ ಸಿಟಿ ಯಂತ್ರ ಇದೆ ಎಂದ ಮಾತ್ರಕ್ಕೆ ಅಲ್ಲಿ ಕೊಲೊನೋಗ್ರಫಿ ನಿತ್ಯ ಮಾಡುತ್ತಾರೆ ಎಂದಲ್ಲ. ಆಸ್ಪತ್ರೆಯ ಮುಖ್ಯ ಕೌಂಟರಿನಲ್ಲಿ ಕೇಳಿದರೆ "ಹೊಟ್ಟೆಯ ಸಿಟಿ ಮಾಡ್ತೇವೆ" ಎನ್ನುತ್ತಾರೆ. ಹೊಟ್ಟೆಯ ಸಾಮಾನ್ಯ ಸಿಟಿ ಬೇರೆ, ಇದು ಬೇರೆ. ಸ್ಕ್ಯಾನ್ ಮಾಡುವ ರೇಡಿಯಾಲಜಿ ವಿಭಾಗಕ್ಕೇ ಲೈನ್ ಕೊಡಲು ಹೇಳಿ.

ಕೇಳಬೇಕಾದದ್ದು: ಸಿಟಿ ಕೊಲೊನೋಗ್ರಫಿ ನೀವು ನಿಯಮಿತವಾಗಿ ಮಾಡುತ್ತೀರಾ? ಚಿತ್ರ ಓದುವ ಡಾಕ್ಟರಿಗೆ ಇದರಲ್ಲಿ ತರಬೇತಿ ಇದೆಯಾ? ಮಲಕ್ಕೆ ಗುರುತು ಹಚ್ಚುವ ಮದ್ದು, ಅಂದರೆ ಟ್ಯಾಗಿಂಗ್, ಕೊಡುತ್ತೀರಾ? ಕರುಳಿಗೆ ಕಾರ್ಬನ್ ಡೈಆಕ್ಸೈಡ್ ತುಂಬಿಸುವ ಯಂತ್ರ ಇದೆಯಾ? ಕಡಿಮೆ ವಿಕಿರಣದ ಪ್ರೊಟೊಕಾಲ್ ಬಳಸುತ್ತೀರಾ? ಪಾಲಿಪ್ ಕಂಡರೆ ಅದೇ ದಿನ ಕೊಲೊನೊಸ್ಕೋಪಿ ಮಾಡಲು ವ್ಯವಸ್ಥೆ ಇದೆಯಾ?

ಕೊನೆಯದು ಮುಖ್ಯ. ಅದೇ ದಿನ ಆಗುವುದಾದರೆ ಹೊಟ್ಟೆ ಖಾಲಿ ಮಾಡುವ ಕಷ್ಟ ಎರಡನೇ ಸಲ ಪಡಬೇಕಿಲ್ಲ.

ತರಬೇತಿಯ ಪ್ರಶ್ನೆ ಕೇಳಲು ಸಂಕೋಚ ಬೇಡ. ಅದಕ್ಕೆ ಕಾರಣವಿದೆ. ಅಮೆರಿಕದ ರೇಡಿಯಾಲಜಿಸ್ಟ್, ಅಂದರೆ ಸ್ಕ್ಯಾನ್ ಓದುವ ಡಾಕ್ಟರ್, ಡೇವಿಡ್ ವೈನಿಂಗ್ 1994ರಲ್ಲಿ ಈ ವಿಧಾನವನ್ನು ಮೊದಲು ತೋರಿಸಿದರು. ಆಗ ಒಬ್ಬರ ಚಿತ್ರ ಸಿದ್ಧವಾಗಲು ಕಂಪ್ಯೂಟರ್‌ಗೆ ಗಂಟೆಗಟ್ಟಲೆ ಬೇಕಿತ್ತು. 2003ರಲ್ಲಿ ಅಲ್ಲಿನದೇ ಇನ್ನೊಬ್ಬ ರೇಡಿಯಾಲಜಿಸ್ಟ್ ಪೆರಿ ಪಿಕ್‌ಹಾರ್ಟ್ ತಂಡ 1,233 ಜನರ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. 10 ಮಿಲಿಮೀಟರ್ ಮತ್ತು ಅದಕ್ಕಿಂತ ದೊಡ್ಡ ಅಡೆನೋಮಾ (ಮುಂದೆ ಕ್ಯಾನ್ಸರ್ ಆಗಬಲ್ಲ) ಜಾತಿಯ ಪಾಲಿಪ್‌ ಇದ್ದವರಲ್ಲಿ ಶೇ. 93.8 ಮಂದಿಯನ್ನು ಸಿಟಿ ಸರಿಯಾಗಿ ಗುರುತಿಸಿತ್ತು. ಮರುವರ್ಷವೇ ಬಂದ ಇನ್ನೊಂದು ಅಧ್ಯಯನದಲ್ಲಿ, 615 ಜನರಲ್ಲಿ, ಅಷ್ಟೇ ಗಾತ್ರದ್ದರಲ್ಲಿ ಸಿಕ್ಕಿದ್ದು ಶೇ. 55 ಮಾತ್ರ. ಹೆಸರು ಒಂದೇ, ಫಲಿತಾಂಶ ಇಷ್ಟು ಬೇರೆ! ಮೊದಲ ಅಧ್ಯಯನದಲ್ಲಿ ಟ್ಯಾಗಿಂಗ್ ಇತ್ತು, ಚಿತ್ರವನ್ನು ಮೂರು ಆಯಾಮದಲ್ಲಿ ಓದಿದ್ದರು. ಎರಡನೆಯದರಲ್ಲಿ ಟ್ಯಾಗಿಂಗ್ ಇರಲಿಲ್ಲ. ಅನುಭವವಿದ್ದ ಕೇಂದ್ರದ ಫಲಿತಾಂಶ ಉಳಿದ ಕೇಂದ್ರಗಳಿಗಿಂತ ಬಹಳ ಮೇಲಿತ್ತು. 2008ರಲ್ಲಿ 15 ಕೇಂದ್ರಗಳಲ್ಲಿ, 2,500ಕ್ಕೂ ಹೆಚ್ಚು ಜನರಲ್ಲಿ, ತರಬೇತಿ ಪಡೆದ ಓದುಗರೇ ಓದಿದಾಗ ಶೇ. 90 ಬಂತು. ಹಾಗಾಗಿ ಯಂತ್ರದ ಬ್ರ್ಯಾಂಡ್ ಕೇಳುವುದಕ್ಕಿಂತ ಓದುವವರ ಅನುಭವ ಕೇಳಿ.

ಖರ್ಚನ್ನೂ ವಿಮೆಯನ್ನೂ ಫೋನಿನಲ್ಲೇ ವಿಚಾರಿಸಿ. ಲಕ್ಷಣವಿಲ್ಲದೆ ಮಾಡಿಸುವ ತಪಾಸಣೆಯನ್ನು ಎಷ್ಟೋ ಪಾಲಿಸಿಗಳು ಭರಿಸುವುದಿಲ್ಲ. ಅಮೆರಿಕದಲ್ಲೇ ಹಿರಿಯರ ಸರ್ಕಾರಿ ವಿಮೆ ಮೆಡಿಕೇರ್ ಇದನ್ನು ಒಪ್ಪಿಕೊಂಡದ್ದು 2025ರ ಜನವರಿಯಿಂದ.

ಹೆಜ್ಜೆ 3: ಮನೆಯ ತಯಾರಿ

ಇಲ್ಲಿ ಅವಸರ ಬೇಡ. ನಿಧಾನವಾಗಿ ಓದಿ, ಮನೆಯಲ್ಲಿ ಅಡುಗೆ ಮಾಡುವವರಿಗೂ ಓದಿ ಹೇಳಿ. ನಿಮ್ಮ ಆಸ್ಪತ್ರೆ ಕೊಡುವ ಚೀಟಿಯಲ್ಲಿ ಬೇರೆ ಥರ ಬರೆದಿದ್ದರೆ ಚೀಟಿಯ ಪ್ರಕಾರವೇ ನಡೆಯಿರಿ.

ಎರಡು ಮೂರು ದಿನ ಮೊದಲಿನಿಂದ ನಾರು ಕಡಿಮೆ ಮಾಡಬೇಕು. ಕರಾವಳಿಯವರಿಗೆ ಇದು ಸ್ವಲ್ಪ ಕಷ್ಟ, ಯಾಕೆಂದರೆ ನಮ್ಮ ಒಳ್ಳೆಯ ಊಟವೆಲ್ಲ ನಾರಿನದ್ದೇ. ಬಸಳೆ, ಹರಿವೆ, ಅಲಸಂಡೆ, ಬಾಳೆದಿಂಡು, ಪತ್ರೊಡೆ, ಹಲಸು, ಕಡ್ಲೆ ಹಾಕಿದ ಸುಕ್ಕ, ಹುರುಳಿ ಸಾರು ಇವೆಲ್ಲ ಬಿಡಬೇಕು. ತೊಂಡೆಕಾಯಿ, ಸೌತೆಕಾಯಿಯಂಥ ಬೀಜದ ತರಕಾರಿಯೂ ಬೇಡ. ತೆಂಗಿನತುರಿ ಹಾಕಿದ ಪಲ್ಯ, ಚಟ್ನಿ ಬೇಡ. ಕುಚ್ಚಲಕ್ಕಿ ಬದಲು ಬೆಳ್ತಿಗೆ ಅನ್ನ. ಕುಚ್ಚಲಕ್ಕಿಯ ಹೊಟ್ಟಿನ ಅಂಶ ಕರುಳಿನಲ್ಲಿ ಉಳಿಯುತ್ತದೆ. ತೆಂಗಿನಕಾಯಿ ಹಾಕದ ತಿಳಿಸಾರು, ಬಿಳಿ ಅವಲಕ್ಕಿ, ಇಡ್ಲಿ, ಮೊಸರು, ಮೊಟ್ಟೆ, ಬೇಯಿಸಿದ ಮೀನು ನಡೆಯುತ್ತದೆ. ನೀರುದೋಸೆಯೂ ಆದೀತು, ಆದರೆ ಜೊತೆಗೆ ಕಾಯಿಬೆಲ್ಲ ಬೇಡ.

ಹಿಂದಿನ ದಿನ ಪೂರ್ತಿ ತಿಳಿ ದ್ರವ ಮಾತ್ರ. ಬೆಳ್ತಿಗೆ ಗಂಜಿಯ ತಿಳಿ ಕುಡಿಯಬಹುದಾ ಎಂದು ತುಂಬ ಜನ ಕೇಳುತ್ತಾರೆ. ಅದು ಮಬ್ಬಾಗಿರುವುದರಿಂದ ಕೆಲವು ಕೇಂದ್ರಗಳು ಬೇಡ ಎನ್ನುತ್ತವೆ, ಕೇಳಿಕೊಳ್ಳಿ. ಎಳನೀರು, ಸೋಸಿದ ನಿಂಬೆ ಶರಬತ್ತು, ಹಾಲು ಹಾಕದ ಚಹಾ, ಹಾಲು ಹಾಕದೆ ಚೆನ್ನಾಗಿ ಸೋಸಿದ ಜೀರಿಗೆ-ಕೊತ್ತಂಬರಿ ಕಷಾಯ, ಓಆರ್‌ಎಸ್ ಇವೆಲ್ಲ ಸರಿ. ಮಜ್ಜಿಗೆ ಬೇಡ. ಕೆಂಪು ಬಣ್ಣದ ಪುನರ್ಪುಳಿ ಶರಬತ್ತಿನಿಂದ ಸಿಟಿಗೆ ತೊಂದರೆ ಏನಿಲ್ಲ, ಸಿಟಿಗೆ ಬಣ್ಣ ಕಾಣುವುದಿಲ್ಲ. ಆದರೆ ಅದೇ ದಿನ ಕೊಲೊನೊಸ್ಕೋಪಿ ಆಗಬೇಕಾಗಿ ಬಂದರೆ ಆ ಕೆಂಪು ರಕ್ತ ಎಂದು ಕಂಡೀತು. ಆ ಒಂದು ದಿನ ಪುನರ್ಪುಳಿ ಬಿಡಿ. ಕಿಡ್ನಿ ತೊಂದರೆ ಇರುವವರು ಎಳನೀರಿನ ಬಗ್ಗೆ ಡಾಕ್ಟರನ್ನು ಕೇಳದೆ ಕುಡಿಯಬೇಡಿ, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ.

ಆ ಸಂಜೆ ಭೇದಿ ಮದ್ದು. ನಮ್ಮಲ್ಲಿ ಹೆಚ್ಚಾಗಿ ಕೊಡುವುದು ನೀರಿನಲ್ಲಿ ಕರಗಿಸುವ ಪೆಗ್ (ಪಾಲಿಎಥಿಲೀನ್ ಗ್ಲೈಕಾಲ್) ಪುಡಿ, ಒಟ್ಟು ಎರಡು ಲೀಟರಿನಷ್ಟು. ಉಪ್ಪುಪ್ಪು ರುಚಿ. ಫ್ರಿಜ್‌ನಲ್ಲಿ ತಣ್ಣಗೆ ಮಾಡಿ, ಸ್ವಲ್ಪ ನಿಂಬೆರಸ ಹಿಂಡಿ, ಕಾಲು ಗಂಟೆಗೊಂದು ಲೋಟದಂತೆ ಕುಡಿದರೆ ಸುಲಭ. ವಾಂತಿ ಬಂದಂತಾದರೆ ಅರ್ಧ ಗಂಟೆ ಬಿಟ್ಟು ಮುಂದುವರಿಸಿ. ಕೊನೆಕೊನೆಗೆ ತಿಳಿ ಹಳದಿ ನೀರು ಮಾತ್ರ ಹೋಗಬೇಕು. ಆ ಹಂತಕ್ಕೆ ಬರದಿದ್ದರೆ ಬೆಳಿಗ್ಗೆ ಸುಮ್ನೆ ಹೊರಟು ಬರಬೇಡಿ, ಫೋನ್ ಮಾಡಿ. ಹೃದಯ ಅಥವಾ ಕಿಡ್ನಿ ದುರ್ಬಲ ಇರುವವರಿಗೆ ಯಾವ ಭೇದಿ ಮದ್ದು ಸುರಕ್ಷಿತ ಎಂಬುದನ್ನು ಡಾಕ್ಟರೇ ಆರಿಸಬೇಕು. ಸೋಡಿಯಂ ಫಾಸ್ಫೇಟ್ ಇರುವ ದ್ರಾವಣ ಕಿಡ್ನಿಗೆ ಹಾನಿ ಮಾಡಬಹುದು. ಮೆಡಿಕಲ್ ಶಾಪಿನಿಂದ ನೀವೇ ಏನನ್ನೂ ತರಬೇಡಿ.

ಇನ್ನು ಟ್ಯಾಗಿಂಗ್ ಮದ್ದು. ಇದನ್ನೇ ಜನ ಮರೆತು ಬರುವುದು. ಭೇದಿಯಾಗಿ ಹೊಟ್ಟೆ ಹಗುರಾಯಿತು, ಇನ್ನು ಇದೊಂದು ಯಾಕೆ ಎನ್ನಿಸುತ್ತದೆ. ಎಷ್ಟೇ ಭೇದಿಯಾದರೂ ಕರುಳಿನ ಮಡಿಕೆಗಳಲ್ಲಿ ಸ್ವಲ್ಪ ಮಲ, ಸ್ವಲ್ಪ ನೀರು ಉಳಿದೇ ಉಳಿಯುತ್ತದೆ. ಸಿಟಿ ಚಿತ್ರದಲ್ಲಿ ಅಂಟಿಕೊಂಡ ಮಲದ ಚೂರೂ ಬೂದು, ಪಾಲಿಪ್ಪೂ ಬೂದು. ಬೇರಿಯಂ ಅಥವಾ ಅಯೋಡಿನ್ ಇರುವ ಟ್ಯಾಗಿಂಗ್ ದ್ರವ ಕುಡಿದರೆ ಅದು ಮಲದಲ್ಲೂ ನೀರಿನಲ್ಲೂ ಬೆರೆಯುತ್ತದೆ. ಆಗ ಅವೆರಡೂ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತವೆ. ಪಾಲಿಪ್ ಮಾತ್ರ ಬೂದಾಗಿಯೇ ಉಳಿಯುತ್ತದೆ. ಚಪ್ಪಟೆಯಾದ ಪಾಲಿಪ್‌ಗಳು ಸಿಟಿಗೆ ಅತಿ ಕಷ್ಟದವು. ಅವುಗಳ ಮೇಲೂ ಈ ದ್ರವ ತೆಳುವಾಗಿ ಸವರಿಕೊಂಡು ಕೆಲವೊಮ್ಮೆ ಜಾಗ ತೋರಿಸಿಕೊಡುತ್ತದೆ. ಚೀಟಿಯಲ್ಲಿರುವ ಸಮಯಕ್ಕೆ ಸರಿಯಾಗಿ, ಹೇಳಿದ ಪೂರ್ತಿ ಪ್ರಮಾಣ ಕುಡಿಯಿರಿ. ಮೊದಲು ಅಯೋಡಿನ್ ಇರುವ ಮದ್ದಿನಿಂದ ಅಲರ್ಜಿ ಆಗಿದ್ದರೆ ಅಪಾಯಿಂಟ್‌ಮೆಂಟ್ ತೆಗೆಯುವಾಗಲೇ ಹೇಳಿ.

ಮಾತ್ರೆಗಳ ವಿಷಯ. ಬಿಪಿ ಮಾತ್ರೆ ಸಾಮಾನ್ಯವಾಗಿ ನಿಲ್ಲಿಸುವಂತಿಲ್ಲ, ಒಂದು ಗುಟುಕು ನೀರಿನಲ್ಲಿ ತೆಗೆದುಕೊಳ್ಳಬಹುದು. ಸಕ್ಕರೆ ಕಾಯಿಲೆಯವರು ಮಾತ್ರೆ ಅಥವಾ ಇನ್ಸುಲಿನ್ ಎಷ್ಟು, ಯಾವಾಗ ಎಂದು ಮೊದಲೇ ಬರೆಸಿಕೊಳ್ಳಿ. ಇಡೀ ದಿನ ಊಟ ಬಿಟ್ಟು ಎಂದಿನ ಪ್ರಮಾಣದ ಇನ್ಸುಲಿನ್ ತೆಗೆದುಕೊಂಡರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಬರೀ ಸಿಟಿಗಾದರೆ ನಿಲ್ಲಿಸುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಅದೇ ದಿನ ಪಾಲಿಪ್ ತೆಗೆಯುವ ಯೋಚನೆ ಇದ್ದರೆ ವಿಷಯ ಬೇರೆ. ಕಬ್ಬಿಣದ ಮಾತ್ರೆ ಕೆಲವು ದಿನ ಮೊದಲೇ ಬಿಡಲು ಹೇಳುತ್ತಾರೆ.

ದೂರದಿಂದ ಬರುವವರಿಗೆ ಒಂದು ಮಾತು. ಬೈಂದೂರಿನಿಂದ, ಸುಳ್ಯದಿಂದ, ಚಾರ್ಮಾಡಿಯ ಕಡೆಯಿಂದ ಬೆಳಿಗ್ಗೆ ಬಸ್ಸಿನಲ್ಲಿ ಬರುವುದಾದರೆ ಸ್ವಲ್ಪ ತಡವಾದ ಸಮಯ ಕೇಳಿ ತೆಗೆದುಕೊಳ್ಳಿ. ಮದ್ದಿನ ಪರಿಣಾಮ ಮುಗಿದ ಮೇಲೆ ಹೊರಟರೆ ದಾರಿಯಲ್ಲಿ ಪರದಾಟ ಇಲ್ಲ. ಸಾಧ್ಯವಾದರೆ ಹಿಂದಿನ ರಾತ್ರಿ ಆಸ್ಪತ್ರೆ ಇರುವ ಊರಲ್ಲೇ ಬಂಧುಗಳ ಮನೆಯಲ್ಲಿ ಉಳಿಯಿರಿ. ವಯಸ್ಸಾದವರಿಗೆ ದೊಡ್ಡವರ ಡೈಪರ್ ಹಾಕಿಕೊಂಡು ಬರಲು ಹೇಳಿದರೆ ನಾಚಿಕೊಳ್ಳುತ್ತಾರೆ. ನಾಚುವಂಥದ್ದು ಏನೂ ಇಲ್ಲ. ಸ್ಕ್ಯಾನ್ ಕೋಣೆಯವರಿಗೆ ಇದು ದಿನನಿತ್ಯದ ಕೆಲಸ.

ಹೆಜ್ಜೆ 4: ಸ್ಕ್ಯಾನ್ ಮೇಜಿನ ಮೇಲೆ

ಬಟ್ಟೆ ಬದಲಿಸಿ, ಎಡ ಮಗ್ಗುಲಿಗೆ ಮಲಗಿಸುತ್ತಾರೆ. ತೆಳ್ಳಗಿನ ಮೆತ್ತನೆಯ ನಳಿಕೆಯನ್ನು ಗುದದ್ವಾರದೊಳಗೆ ಸ್ವಲ್ಪವೇ ದೂರ ಇಡುತ್ತಾರೆ. ಕೊಲೊನೊಸ್ಕೋಪ್‌ನ ಹಾಗೆ ಕರುಳಿನ ಉದ್ದಕ್ಕೂ ಹೋಗುವ ನಳಿಕೆ ಅಲ್ಲ. ಅದರಿಂದ ಕಾರ್ಬನ್ ಡೈಆಕ್ಸೈಡ್ ಅನಿಲ ನಿಧಾನವಾಗಿ ಒಳಗೆ ಹೋಗುತ್ತದೆ. ಯಂತ್ರವೇ ಒತ್ತಡ ನೋಡಿಕೊಳ್ಳುತ್ತದೆ. ಮುದುಡಿದ ಕರುಳು ಬಿಚ್ಚಿಕೊಳ್ಳದಿದ್ದರೆ ಗೋಡೆಗೆ ಗೋಡೆ ಅಂಟಿಕೊಂಡು ಏನೂ ಕಾಣುವುದಿಲ್ಲ.

"ಎಂತ, ಗಾಳಿ ತುಂಬಿಸುವುದಾ? ಒಡೆಯುವುದಿಲ್ವಾ?" ಎಂದು ಒಬ್ಬ ಅಜ್ಜಿ ನನ್ನ ಕೈ ಹಿಡಿದುಕೊಂಡು ಕೇಳಿದ್ದರು.

"ಇಲ್ಲ ಅಮ್ಮ. ಹೊಟ್ಟೆ ಬಿಗಿ ಆದ ಹಾಗೆ ಆಗ್ತದೆ, ಗ್ಯಾಸ್ ಆದ ಹಾಗೆ. ಜಾಸ್ತಿ ನೋವಾದರೆ ಹೇಳಿ, ಕೂಡಲೇ ನಿಲ್ಲಿಸ್ತೇನೆ."

ತಪಾಸಣೆಗೆಂದು ಬಂದವರಲ್ಲಿ ಕರುಳಿಗೆ ತೂತಾಗುವುದು ಬಹಳ ಅಪರೂಪ. ಕಾರ್ಬನ್ ಡೈಆಕ್ಸೈಡ್ ಬಳಸುವುದಕ್ಕೆ ಒಂದು ಒಳ್ಳೆಯ ಕಾರಣವಿದೆ. ಅದು ಕರುಳಿನ ಗೋಡೆಯ ಮೂಲಕ ಬೇಗ ರಕ್ತಕ್ಕೆ ಸೇರಿ, ಉಸಿರಿನಲ್ಲಿ ಹೊರಗೆ ಹೋಗುತ್ತದೆ. ಸಾದಾ ಗಾಳಿ ತುಂಬಿದರೆ ಉಬ್ಬರ ಗಂಟೆಗಟ್ಟಲೆ ಕಾಡುತ್ತದೆ.

ಕೆಲವು ಕಡೆ ಕರುಳಿನ ಸೆಳೆತ ಕಡಿಮೆಯಾಗಲು ಇಂಜೆಕ್ಷನ್ ಕೊಡುತ್ತಾರೆ. ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಇದ್ದರೆ, ಪ್ರಾಸ್ಟೇಟ್‌ನಿಂದ ಮೂತ್ರ ಕಟ್ಟುವ ತೊಂದರೆ ಇದ್ದರೆ, ಎದೆಬಡಿತ ಏರುಪೇರಾಗಿದ್ದರೆ ಮೊದಲೇ ಹೇಳಿ.

ಆಮೇಲೆ ಅಂಗಾತ ಮಲಗಿಸಿ ಒಂದು ಸ್ಕ್ಯಾನ್, ಬೋರಲು ಮಲಗಿಸಿ ಇನ್ನೊಂದು. ಬೋರಲು ಮಲಗಲು ಆಗದವರಿಗೆ ಮಗ್ಗುಲಿಗೆ ಮಲಗಿಸುತ್ತಾರೆ. ಪ್ರತಿ ಸಲ ಉಸಿರು ಹಿಡಿಯಬೇಕಾದದ್ದು ಕೆಲವೇ ಸೆಕೆಂಡು. "ಉಸಿರು ತೆಗೊಳ್ಳಿ, ಹಿಡ್ಕೊಳ್ಳಿ" ಎಂದಾಗ ನಿಜವಾಗಿ ಹಿಡಿಯಿರಿ, ಅಲುಗಾಡಿದರೆ ಚಿತ್ರ ಮಸುಕಾಗುತ್ತದೆ. ಎರಡು ಸಲ ಯಾಕೆ ಎಂದರೆ, ಮಗುಚಿ ಮಲಗಿದಾಗ ಉಳಿದ ನೀರೂ ಬಿಡಿಯಾದ ಮಲವೂ ಜಾಗ ಬದಲಿಸುತ್ತವೆ. ಮೊದಲ ಸಲ ನೀರಿನಡಿ ಮುಳುಗಿದ್ದ ಗೋಡೆ ಎರಡನೇ ಸಲ ಹೊರಗೆ ಕಾಣುತ್ತದೆ. ಗೋಡೆಗೆ ಅಂಟಿದ ಪಾಲಿಪ್ ಮಾತ್ರ ಅಲ್ಲೇ ಇರುತ್ತದೆ.

ವಿಕಿರಣದ ಭಯ ಸಹಜ. ತಪಾಸಣೆಗೆ ಬಳಸುವ ಕಡಿಮೆ ಡೋಸಿನ ಕೊಲೊನೋಗ್ರಫಿಯಲ್ಲಿ ಎರಡೂ ಸ್ಕ್ಯಾನ್ ಸೇರಿ ಸಾಮಾನ್ಯವಾಗಿ 5 ಮಿಲಿಸೀವರ್ಟ್‌ನ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ. ಮಿಲಿಸೀವರ್ಟ್ ಅಂದರೆ ದೇಹಕ್ಕೆ ತಗಲುವ ವಿಕಿರಣದ ಅಳತೆ. ನೆಲದಿಂದ, ಆಕಾಶದಿಂದ, ತಿನ್ನುವ ಆಹಾರದಿಂದ ಭೂಮಿಯ ಮೇಲಿನ ಪ್ರತಿಯೊಬ್ಬರಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಹೇಗೂ ತಗಲುತ್ತದೆ. ಗಾಳಿ ತುಂಬಿದ ಕರುಳು ಕಪ್ಪು, ಗೋಡೆ ಬೂದು. ಈ ವ್ಯತ್ಯಾಸ ಇಷ್ಟು ದೊಡ್ಡದಿರುವುದರಿಂದಲೇ ಕಡಿಮೆ ಡೋಸಿನಲ್ಲೂ ಕೆಲಸ ನಡೆಯುತ್ತದೆ. ಐವತ್ತು ದಾಟಿದವರಿಗೆ ಐದು ವರ್ಷಕ್ಕೊಮ್ಮೆ ಇಷ್ಟು ಡೋಸ್‌ನಿಂದ ಆಗಬಹುದಾದ ಅಪಾಯ ತೀರಾ ಸಣ್ಣದು.

ಒಟ್ಟು ಕಾಲು ಗಂಟೆ, ಇಪ್ಪತ್ತು ನಿಮಿಷ. ಮಂಪರು ಮದ್ದು ಇಲ್ಲ. ಆದ್ದರಿಂದ ಮುಗಿದ ಮೇಲೆ ಶೌಚಕ್ಕೆ ಹೋಗಿ, ಗಂಜಿ ಊಟ ಮಾಡಿ ಮನೆಗೆ ಹೋಗಬಹುದು. ಅದೇ ದಿನ ಕೊಲೊನೊಸ್ಕೋಪಿಯ ಮಾತಿದ್ದರೆ ವರದಿ ಬರುವವರೆಗೆ ಏನೂ ತಿನ್ನಬೇಡಿ.

ಹೆಜ್ಜೆ 5: ಕಂಪ್ಯೂಟರಿನಲ್ಲಿ ಏನಾಗುತ್ತದೆ

ಇದು ನಿಮ್ಮ ಕೆಲಸವಲ್ಲ, ಆದರೂ ತಿಳಿದಿರುವುದು ಒಳ್ಳೆಯದು. ವರದಿ ಬರಲು ಯಾಕೆ ಸಮಯ ಬೇಕು ಎಂಬುದು ಆಗ ಅರ್ಥವಾಗುತ್ತದೆ.

ಯಂತ್ರ ನಿಮ್ಮ ಹೊಟ್ಟೆಯನ್ನು ಒಂದು ಮಿಲಿಮೀಟರ್ ಆಸುಪಾಸಿನ ತೆಳ್ಳಗಿನ ಪದರಗಳಾಗಿ ಚಿತ್ರಿಸುತ್ತದೆ. ಸಾಫ್ಟ್‌ವೇರ್ ಅವನ್ನು ಜೋಡಿಸಿ ಕರುಳಿನ ಒಳಭಾಗವನ್ನು ಮೂರು ಆಯಾಮದಲ್ಲಿ ಕಟ್ಟುತ್ತದೆ. ಕರುಳಿನ ನಡುವೆ ಒಂದು ಗೆರೆ ಎಳೆದುಕೊಂಡು, ಆ ಗೆರೆಯ ಮೇಲೆ ಡಾಕ್ಟರನ್ನು ಒಳಗೆ ಸಾಗಿಸುತ್ತದೆ. ಕೊಂಕಣ ರೈಲಿನಲ್ಲಿ ಕಾರವಾರದ ಕಡೆ ಹೋಗುವಾಗ ಸುರಂಗದ ಬಂಡೆಗಳ ಒಂದು ಮುಖ ಕಾಣುತ್ತದೆ, ವಾಪಸು ಬರುವಾಗ ಇನ್ನೊಂದು ಮುಖ. ಕರುಳಿನ ಮಡಿಕೆಗಳೂ ಹಾಗೆಯೇ. ಅದಕ್ಕೇ ಕೆಳಗಿನಿಂದ ಮೇಲಕ್ಕೆ ಒಮ್ಮೆ, ಮೇಲಿನಿಂದ ಕೆಳಕ್ಕೆ ಒಮ್ಮೆ, ಎರಡು ಭಂಗಿಗೂ ಸೇರಿ ಒಟ್ಟು ನಾಲ್ಕು ಸಲ ನೋಡುತ್ತಾರೆ. ನೋಡದೆ ಉಳಿದ ಜಾಗಗಳಿಗೆ ಸಾಫ್ಟ್‌ವೇರ್ ಬೇರೆ ಬಣ್ಣ ಹಚ್ಚಿ ತೋರಿಸುತ್ತದೆ. ಅಲ್ಲಿಗೂ ಹೋಗಿ ನೋಡುತ್ತಾರೆ. ಕರುಳನ್ನು ಉದ್ದಕ್ಕೆ ಸೀಳಿ ಚಪ್ಪಟೆಯಾಗಿ ಹರಡಿದಂತೆ ತೋರಿಸುವ ನೋಟವೂ ಇದೆ.

ಇನ್ನೊಂದು ಸೌಲಭ್ಯ ಎಲೆಕ್ಟ್ರಾನಿಕ್ ಕ್ಲೆನ್ಸಿಂಗ್. ಟ್ಯಾಗಿಂಗ್‌ನಿಂದ ಬೆಳ್ಳಗಾದ ನೀರನ್ನು ಸಾಫ್ಟ್‌ವೇರ್ ಚಿತ್ರದಿಂದಲೇ ಅಳಿಸಿ, ಅದರ ಕೆಳಗಿನ ಗೋಡೆಯನ್ನು ತೋರಿಸುತ್ತದೆ. ನೀವು ಟ್ಯಾಗಿಂಗ್ ಮದ್ದು ಕುಡಿಯದೆ ಬಂದರೆ ನೀರು ಬೆಳ್ಳಗಾಗಿರುವುದಿಲ್ಲ. ಯಾವುದನ್ನು ಅಳಿಸಬೇಕೆಂದು ಅದಕ್ಕೆ ಗೊತ್ತೇ ಆಗುವುದಿಲ್ಲ.

ಆಮೇಲೆ ಅನುಮಾನದ ಜಾಗಗಳಿಗೆ ತಾನಾಗಿ ಗುರುತು ಹಾಕುವ ಸಾಫ್ಟ್‌ವೇರ್. ಇದನ್ನು ಕ್ಯಾಡ್ ಎನ್ನುತ್ತಾರೆ. ಗೋಡೆ ಎಲ್ಲಿ ದುಂಡಗೆ ಉಬ್ಬಿದೆ ಎಂದು ಆಕಾರ ನೋಡಿ ಹುಡುಕುತ್ತದೆ. ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವಲ್ಲಿನ ಕವಾಟ, ದಪ್ಪ ಮಡಿಕೆ, ಮಲದ ಚೂರು, ಕೊನೆಗೆ ನಾವು ಇಟ್ಟ ನಳಿಕೆಯ ತುದಿಯನ್ನೂ ಪಾಲಿಪ್ ಎಂದು ಗುರುತು ಮಾಡಿಬಿಡುವುದುಂಟು. ಆದ್ದರಿಂದ ಡಾಕ್ಟರು ಮೊದಲು ತಾವೇ ಓದಿ, ಆಮೇಲೆ ಅದರ ಗುರುತುಗಳನ್ನು ಒಂದೊಂದಾಗಿ ಪರಿಶೀಲಿಸುತ್ತಾರೆ. ಆ ಗುರುತಿನ ಜಾಗದ ಸಾಂದ್ರತೆ ಅಳೆಯುತ್ತಾರೆ. ಬರೀ ಕೊಬ್ಬಿನ ಗಂಟಾದರೆ ಅಲ್ಲೇ ಗೊತ್ತಾಗುತ್ತದೆ. ಒಳಗೆ ಗಾಳಿಗುಳ್ಳೆ ಇದ್ದರೆ ಅದು ಮಲ. ಬೋರಲು ಚಿತ್ರದಲ್ಲೂ ಅದೇ ಜಾಗದಲ್ಲಿ, ಒಂದೇ ಸಮ ಬೂದಾಗಿದ್ದರೆ ಪಾಲಿಪ್ ಎಂದು ಬರೆಯುತ್ತಾರೆ.

ಈಗ ಕೃತಕ ಬುದ್ಧಿಮತ್ತೆ ಎರಡು ಕಡೆ ಸೇರಿಕೊಂಡಿದೆ. ಕಡಿಮೆ ಡೋಸಿನ ಚಿತ್ರದ ಚುಕ್ಕೆ ಚುಕ್ಕೆ ಗದ್ದಲವನ್ನು ತೆಗೆದು ಸ್ವಚ್ಛ ಮಾಡುವುದು ಒಂದು. ಇದು ಹೊಸ ಯಂತ್ರಗಳಲ್ಲಿ ಬಳಕೆಗೆ ಬಂದಿದೆ. ಕಂಡ ಪಾಲಿಪ್ ಅಪಾಯದ ಜಾತಿಯದ್ದೋ ಅಲ್ಲವೋ ಎಂದು ಊಹಿಸುವುದು ಇನ್ನೊಂದು. ಅದು ಇನ್ನೂ ಸಂಶೋಧನೆಯ ಹಂತದ್ದು, ಅದನ್ನು ನಂಬಿ ಯಾರೂ ನಿರ್ಧಾರ ತೆಗೆದುಕೊಳ್ಳುವಂತಿಲ್ಲ. ಎಕ್ಸ್-ರೇ ಕಣಗಳನ್ನು ಒಂದೊಂದಾಗಿ ಎಣಿಸುವ ಫೋಟಾನ್ ಕೌಂಟಿಂಗ್ ಸಿಟಿ ಯಂತ್ರಕ್ಕೆ ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಸಿಕ್ಕಿತು. ಅದರ ಚಿತ್ರ ಇನ್ನೂ ಸೂಕ್ಷ್ಮ. ಆದರೆ ಅದಕ್ಕಾಗಿ ಯಾರೂ ಕಾಯಬೇಕಿಲ್ಲ. 64 ಸ್ಲೈಸಿನ (ಒಂದು ಸುತ್ತಿಗೆ 64 ಪದರ ತೆಗೆಯುವ) ಯಂತ್ರ, ಒಳ್ಳೆಯ ತಯಾರಿ, ಪಳಗಿದ ಕಣ್ಣು ಇಷ್ಟಿದ್ದರೆ ಸಾಕು.

ಹೆಜ್ಜೆ 6: ವರದಿ ಓದುವುದು

ಎಷ್ಟೋ ಕೇಂದ್ರಗಳು ಸಿ-ರಾಡ್ಸ್ ಎಂಬ ಪದ್ಧತಿಯಲ್ಲಿ ವರದಿ ಬರೆಯುತ್ತವೆ. 'ಸಿ' ಕರುಳಿಗೆ, 'ಇ' ಕರುಳಿನ ಹೊರಗಿನದಕ್ಕೆ.

ಸಿ 0 ಎಂದರೆ ಚಿತ್ರ ಸಾಲದು. ಕ್ಯಾನ್ಸರ್ ಎಂದು ಹೆದರಬೇಡಿ, ಆದರೆ ಎಲ್ಲಾ ಸರಿ ಇದೆ ಎಂದೂ ಫೈಲಿನೊಳಗೆ ಇಟ್ಟುಬಿಡಬೇಡಿ. ಸಿ 1, ಆತಂಕಪಡುವಂಥದ್ದು ಕಂಡಿಲ್ಲ. ಐದು ವರ್ಷ ಬಿಟ್ಟು ಬನ್ನಿ. ಸಿ 2 ಎಂದರೆ ಸಾಮಾನ್ಯವಾಗಿ 6ರಿಂದ 9 ಮಿಲಿಮೀಟರಿನ ಒಂದೋ ಎರಡೋ ಪಾಲಿಪ್. ಮೂರು ವರ್ಷದೊಳಗೆ ಮತ್ತೆ ಸ್ಕ್ಯಾನ್ ಅಥವಾ ಈಗಲೇ ಕೊಲೊನೊಸ್ಕೋಪಿ, ಡಾಕ್ಟರ ಜೊತೆ ಕೂತು ಮಾತಾಡಿ. ಸಿ 3, 10 ಮಿಲಿಮೀಟರ್ ಅಥವಾ ದೊಡ್ಡದು, ಇಲ್ಲವೇ ಮಧ್ಯಮ ಗಾತ್ರದವು ಮೂರು ಅಥವಾ ಜಾಸ್ತಿ. ಕೊಲೊನೊಸ್ಕೋಪಿ ಮಾಡಿಸಲೇಬೇಕು. ಸಿ 4, ಕ್ಯಾನ್ಸರ್ ಇರಬಹುದಾದ ಗಡ್ಡೆ. ಅದೇ ವಾರ ಡಾಕ್ಟರನ್ನು ಕಾಣಿ.

5 ಮಿಲಿಮೀಟರ್ ಮತ್ತು ಅದಕ್ಕಿಂತ ಚಿಕ್ಕದನ್ನು ಸಾಮಾನ್ಯವಾಗಿ ಬರೆಯುವುದೇ ಇಲ್ಲ. ಅಷ್ಟು ಚಿಕ್ಕದರಲ್ಲಿ ಕ್ಯಾನ್ಸರ್ ಇರುವುದು ತೀರಾ ಅಪರೂಪ. ಅದನ್ನು ಬೆನ್ನಟ್ಟಿದರೆ ಲಾಭಕ್ಕಿಂತ ತೊಂದರೆಯೇ ಹೆಚ್ಚು.

'ಇ' ಭಾಗ ಜನರನ್ನು ಕಂಗೆಡಿಸುತ್ತದೆ. ಸಿಟಿ ಹೊಟ್ಟೆಯನ್ನು ಪೂರ್ತಿ ನೋಡುವುದರಿಂದ ಕಿಡ್ನಿಯ ನೀರುಗುಳ್ಳೆ, ಪಿತ್ತಕೋಶದ ಕಲ್ಲು, ಲಿವರಿನ ಸಣ್ಣ ಚುಕ್ಕೆ ಎಲ್ಲ ಕಾಣುತ್ತದೆ. ಇ 1, ಇ 2 ಎಂದಿದ್ದರೆ ಅಲ್ಲಿಗೆ ಬಿಡಿ. ಇ 3 ಹೆಚ್ಚಾಗಿ ನಿರುಪದ್ರವಿ, ಆದರೂ ಡಾಕ್ಟರಿಗೆ ತೋರಿಸಿ. ಇ 4 ಇದ್ದರೆ ಅದನ್ನು ಮುಂದೆ ಪರೀಕ್ಷಿಸಲೇಬೇಕು. ಹೊಟ್ಟೆಯ ದೊಡ್ಡ ರಕ್ತನಾಳ ಉಬ್ಬಿರುವುದು, ಕಿಡ್ನಿಯ ಗಟ್ಟಿ ಗಡ್ಡೆ ಇಂಥವು ಹೀಗೆ ಆಕಸ್ಮಿಕವಾಗಿ ಸಿಕ್ಕಿ ಜೀವ ಉಳಿದದ್ದುಂಟು.

ಹೆಜ್ಜೆ 7: ಆಮೇಲೆ

ವರದಿಯ ಕಾಗದದ ಜೊತೆ ಸಿಡಿಯನ್ನೋ ಚಿತ್ರಗಳ ಲಿಂಕನ್ನೋ ಕೇಳಿ ಪಡೆಯಿರಿ. ಮೂರು ವರ್ಷ ಬಿಟ್ಟು 7 ಮಿಲಿಮೀಟರಿನ ಪಾಲಿಪ್ ಬೆಳೆದಿದೆಯೋ ಇಲ್ಲವೋ ಎಂದು ಹೇಳಲು ಹಳೆಯ ಚಿತ್ರವೇ ಬೇಕು, ಕಾಗದದಲ್ಲಿ ಬರೆದ ಅಂಕಿ ಸಾಲದು. ನಮ್ಮ ಮಳೆಗಾಲದ ತೇವಕ್ಕೆ ಸಿಡಿ ಹಾಳಾಗಬಹುದು. ಮಕ್ಕಳ ಹತ್ತಿರ ಹೇಳಿ ಕಂಪ್ಯೂಟರಿನಲ್ಲೂ ಒಂದು ಪ್ರತಿ ಇಡಿ.

ಮನೆಗೆ ಬಂದ ಮೇಲೆ ಹೊಟ್ಟೆ ನೋವು ಕಡಿಮೆಯಾಗುವ ಬದಲು ಏರುತ್ತಾ ಹೋದರೆ, ಜ್ವರ ಬಂದರೆ, ರಕ್ತ ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ. ಐದು ವರ್ಷದ ನಡುವೆ ಯಾವಾಗ ಹೊಸ ಲಕ್ಷಣ ಬಂದರೂ "ಸ್ಕ್ಯಾನ್‌ನಲ್ಲಿ ಸರಿ ಇತ್ತಲ್ವಾ" ಎಂದು ಕೂರಬೇಡಿ. ಯಾವ ಪರೀಕ್ಷೆಯೂ ನೂರಕ್ಕೆ ನೂರು ಹಿಡಿಯುವುದಿಲ್ಲ.

ಪಾಲಿಪ್ ತೆಗೆಸಿದರೆ ಅದರ ಪೆಥಾಲಜಿ (ಲ್ಯಾಬ್ ಪರೀಕ್ಷೆಯ) ವರದಿ ಕೇಳಿ ಇಟ್ಟುಕೊಳ್ಳಿ. ಅದರಲ್ಲಿ ದೊಡ್ಡ ಅಡೆನೋಮಾ ಎಂದೋ ಕ್ಯಾನ್ಸರ್ ಎಂದೋ ಬಂದರೆ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ, ಮಕ್ಕಳಿಗೆ ಮುಚ್ಚಿಡದೆ ಹೇಳಿ. ಅವರ ತಪಾಸಣೆ ಸಾಮಾನ್ಯವಾಗಿ 40ನೇ ವಯಸ್ಸಿಗೇ, ಅಥವಾ ನಿಮಗೆ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮೊದಲೇ, ಯಾವುದು ಬೇಗವೋ ಆಗ ಶುರುವಾಗಬೇಕು. ಅವರಿಗೆ ಮೊದಲ ಆಯ್ಕೆ ಕೊಲೊನೊಸ್ಕೋಪಿ. ಮುಂಬೈಯಲ್ಲೋ ದುಬೈಯಲ್ಲೋ ಇರುವ ತಮ್ಮನಿಗೆ ವರದಿಯ ಫೋಟೋ ತೆಗೆದು ಕಳಿಸಿ, ಅಲ್ಲಿನ ಡಾಕ್ಟರಿಗೆ ತೋರಿಸಲು ಹೇಳಿ.